ಹೆನ್ರಿ ರಾಯ್ಸ್

ಸರ್ ಫ್ರೆಡರಿಕ್ ಹೆನ್ರಿ ರಾಯ್ಸ್ (27 ಮಾರ್ಚ್ 1863 – 22 ಏಪ್ರಿಲ್ 1933) ಇಂಗ್ಲೆಂಡಿನ ಎಂಜಿನಿಯರ್, ಉದ್ಯಮಿ ಹಾಗೂ ಕಾರು ಮತ್ತು ವಿಮಾನ ಎಂಜಿನ್‌ಗಳ ವಿನ್ಯಾಸಕಾರ. ಚಾರ್ಲ್ಸ್ ರೋಲ್ಸ್ ಮತ್ತು ಕ್ಲಾಡ್ ಜಾನ್ಸನ್ ಅವರೊಂದಿಗೆ ಸೇರಿ ರೋಲ್ಸ್-ರಾಯ್ಸ್ ಸಂಸ್ಥೆಯನ್ನು ಕಟ್ಟಿದರು. ಬಡತನದಲ್ಲಿ ಬೆಳೆದು, ಹೆಚ್ಚಿನ ಶಾಲಾ ಶಿಕ್ಷಣವಿಲ್ಲದೆ, ಕಾರ್ಖಾನೆಯ ಕೆಲಸದಿಂದಲೇ ಎಂಜಿನಿಯರಿಂಗ್ ವಿದ್ಯೆಯನ್ನು ಗಳಿಸಿಕೊಂಡ ರಾಯ್ಸ್, ಮೋಟಾರು ಕಾರು ಗದ್ದಲ, ನಡುಕ ಮತ್ತು ಆಗಾಗ್ಗೆ ಕೆಟ್ಟುನಿಲ್ಲುವಿಕೆಗೆ ಹೆಸರಾಗಿದ್ದ ಕಾಲದಲ್ಲಿ ಸದ್ದಿಲ್ಲದೆ ಓಡುವ ಎಂಜಿನ್ ರೂಪಿಸಿದವರೆಂದು ಪ್ರಸಿದ್ಧರು. ಅವರ ಪಾಲಿಗೆ ಎಂಜಿನ್ನಿನ ಸದ್ದು ಮುಚ್ಚಿಡಬೇಕಾದ ದೋಷವಾಗಿರಲಿಲ್ಲ. ಎಲ್ಲೋ ಒಂದು ಭಾಗ ಸಡಿಲವಾಗಿದೆ, ಬಾಗುತ್ತಿದೆ ಅಥವಾ ಎಣ್ಣೆಯಿಲ್ಲದೆ ಸವೆಯುತ್ತಿದೆ ಎಂಬುದರ ಸೂಚನೆಯಾಗಿತ್ತು. 1906ರಲ್ಲಿ ಬೆಳಕಿಗೆ ಬಂದ 40/50 ಅಶ್ವಶಕ್ತಿಯ ಕಾರು, ಮೊದಲನೆಯ ಮಹಾಯುದ್ಧದ ಈಗಲ್ ವಿಮಾನ ಎಂಜಿನ್ ಮತ್ತು 1931ರ ಷ್ನೈಡರ್ ಟ್ರೋಫಿಯನ್ನು ಗೆದ್ದ ಆರ್ ಎಂಜಿನ್ ಅವರ ಮುಖ್ಯ ಕೊಡುಗೆಗಳು.

ಬಾಲ್ಯ ಮತ್ತು ತರಬೇತಿ

ರಾಯ್ಸ್ ಇಂಗ್ಲೆಂಡಿನ ಪೀಟರ್‌ಬರೊ ಪಟ್ಟಣದ ಸಮೀಪದ ಆಲ್ವಾಲ್ಟನ್ ಎಂಬ ಹಳ್ಳಿಯಲ್ಲಿ ಜನಿಸಿದರು. ತಂದೆ ಜೇಮ್ಸ್ ರಾಯ್ಸ್ ಹಿಟ್ಟಿನ ಗಿರಣಿಯೊಂದನ್ನು ಗುತ್ತಿಗೆಗೆ ಪಡೆದು ನಡೆಸುತ್ತಿದ್ದರು. ತಾಯಿ ಮೇರಿ. ಐವರು ಮಕ್ಕಳಲ್ಲಿ ಹೆನ್ರಿ ಕಿರಿಯವರು. ಗಿರಣಿಯ ವ್ಯವಹಾರ ನಷ್ಟಕ್ಕೆ ಸಿಲುಕಿ 1867ರಲ್ಲಿ ಕುಟುಂಬ ಲಂಡನ್ನಿಗೆ ವಲಸೆ ಬಂದಿತು. 1872ರಲ್ಲಿ ತಂದೆ ತೀರಿಕೊಂಡಾಗ ಹೆನ್ರಿಗೆ ಒಂಬತ್ತು ವರ್ಷ. ಶಾಲೆಯಲ್ಲಿ ಸುಮಾರು ಒಂದು ವರ್ಷವಷ್ಟೇ ಕಲಿಯಲು ಸಾಧ್ಯವಾಗಿದ್ದ ಈ ಬಾಲಕ ಪತ್ರಿಕೆ ಮಾರುವುದು, ಮನೆಮನೆಗೆ ತಂತಿ ಸಂದೇಶ ತಲುಪಿಸುವುದು ಮುಂತಾದ ಕೆಲಸಗಳಿಂದ ಸಂಪಾದಿಸತೊಡಗಿದನು.

1878ರಲ್ಲಿ ಸೋದರತ್ತೆಯೊಬ್ಬರ ಹಣಸಹಾಯದಿಂದ ಪೀಟರ್‌ಬರೊದಲ್ಲಿದ್ದ ಗ್ರೇಟ್ ನಾರ್ದರ್ನ್ ರೈಲ್ವೆಯ ಕಾರ್ಖಾನೆಯಲ್ಲಿ ಶಿಷ್ಯವೃತ್ತಿಗೆ ಸೇರುವ ಅವಕಾಶ ದೊರೆಯಿತು. ಅರದಿಂದ ಲೋಹವನ್ನು ಉಜ್ಜಿ ಎರಡು ಮೇಲ್ಮೈಗಳನ್ನು ಒಂದಕ್ಕೊಂದು ನಿಖರವಾಗಿ ಹೊಂದಿಸುವ ಕೈಚಳಕ ಅವರಿಗೆ ಒದಗಿದ್ದು ಇಲ್ಲಿ. ಮುಂದೆ ದೊಡ್ಡ ಸಂಸ್ಥೆಯ ಮುಖ್ಯ ಎಂಜಿನಿಯರ್ ಆದ ಮೇಲೂ ಅವರು ಈ ಕೈಕೆಲಸವನ್ನು ಬಹುವಾಗಿ ಗೌರವಿಸುತ್ತಿದ್ದರು. ಆದರೆ ಮೂರು ವರ್ಷಗಳ ನಂತರ ಅತ್ತೆಯ ಹಣ ಮುಗಿದು ತರಬೇತಿ ಅರ್ಧಕ್ಕೆ ನಿಂತಿತು. ಲೀಡ್ಸ್ ನಗರದ ಉಪಕರಣ ತಯಾರಿಕಾ ಕಾರ್ಖಾನೆಯೊಂದರಲ್ಲಿ ಸ್ವಲ್ಪ ಕಾಲ ದುಡಿದು ಅವರು ಲಂಡನ್ನಿಗೆ ಮರಳಿದರು. ಅಲ್ಲಿ ಆಗತಾನೆ ಬೆಳೆಯುತ್ತಿದ್ದ ವಿದ್ಯುತ್ ಉದ್ಯಮವನ್ನು ಸೇರಿದರು. 1882ರಲ್ಲಿ ಲಿವರ್‌ಪೂಲ್‌ಗೆ ತೆರಳಿ ಬೀದಿ ಹಾಗೂ ನಾಟಕಶಾಲೆಗಳ ವಿದ್ಯುದ್ದೀಪ ವ್ಯವಸ್ಥೆಯ ಕೆಲಸದಲ್ಲಿ ತೊಡಗಿದರು.

ಮ್ಯಾಂಚೆಸ್ಟರ್‌ನ ಉದ್ಯಮ

1884ರಲ್ಲಿ, ತಮ್ಮ 21ನೆಯ ವಯಸ್ಸಿನಲ್ಲಿ, ಉಳಿತಾಯದ 20 ಪೌಂಡುಗಳೊಂದಿಗೆ ರಾಯ್ಸ್ ಅವರು ಗೆಳೆಯ ಅರ್ನೆಸ್ಟ್ ಕ್ಲೇರ್‌ಮಾಂಟ್ ಅವರ ಜೊತೆ ಪಾಲುದಾರಿಕೆಯಲ್ಲಿ ಎಫ್. ಎಚ್. ರಾಯ್ಸ್ ಅಂಡ್ ಕಂಪನಿಯನ್ನು ಸ್ಥಾಪಿಸಿದರು. ಮ್ಯಾಂಚೆಸ್ಟರ್ ನಗರದ ಕುಕ್ ಸ್ಟ್ರೀಟ್‌ನಲ್ಲಿ ಅವರ ಕಾರ್ಯಾಗಾರವಿತ್ತು. ಆರಂಭದಲ್ಲಿ ಮನೆಗಳ ವಿದ್ಯುತ್ ಕರೆಗಂಟೆಯಂತಹ ಸಣ್ಣ ಸಾಮಗ್ರಿಗಳನ್ನು ತಯಾರಿಸುತ್ತಿದ್ದ ಸಂಸ್ಥೆ, ಕೆಲವೇ ವರ್ಷಗಳಲ್ಲಿ ಡೈನಮೊಗಳನ್ನೂ ಭಾರ ಎತ್ತುವ ವಿದ್ಯುತ್ ಕ್ರೇನ್‌ಗಳನ್ನೂ ತಯಾರಿಸತೊಡಗಿತು. ಸುತ್ತುವ ಶಾಫ್ಟ್, ಅದನ್ನು ಹೊರುವ ಬೇರಿಂಗ್ ಮತ್ತು ಅವುಗಳ ನಡುವಿನ ಎಣ್ಣೆಯ ಸಮಸ್ಯೆಗಳು ಡೈನಮೊ ತಯಾರಕನಿಗೆ ದಿನನಿತ್ಯದವು. ಹೀಗಾಗಿ ಕಾರಿನ ಎಂಜಿನ್ನಿಗೆ ಕೈಹಚ್ಚುವ ಮೊದಲೇ ರಾಯ್ಸ್ ಅವರಿಗೆ ಈ ವಿಷಯದಲ್ಲಿ ಸುಮಾರು ಎರಡು ದಶಕಗಳ ಅನುಭವವಿತ್ತು.

1893ರಲ್ಲಿ ರಾಯ್ಸ್ ಅವರು ಮಿನ್ನಿ ಪಂಟ್ ಅವರನ್ನು ವಿವಾಹವಾದರು. ದಂಪತಿಗೆ ಮಕ್ಕಳಿರಲಿಲ್ಲ. ಹಗಲಿರುಳೆನ್ನದೆ ದುಡಿಯುತ್ತ, ಹೊತ್ತುಹೊತ್ತಿಗೆ ಊಟ ಮಾಡುವುದನ್ನೂ ಮರೆಯುತ್ತಿದ್ದ ರಾಯ್ಸ್ ಅವರ ಆರೋಗ್ಯ 1902ರ ಹೊತ್ತಿಗೆ ಕುಸಿಯಿತು. ಇದೇ ಕಾಲದಲ್ಲಿ ವಿದೇಶಿ ಪೈಪೋಟಿಯಿಂದಾಗಿ ಕ್ರೇನ್ ಮತ್ತು ಡೈನಮೊ ವ್ಯಾಪಾರವೂ ಇಳಿಮುಖವಾಗಿತ್ತು. ದೀರ್ಘ ವಿಶ್ರಾಂತಿಗಾಗಿ ದಕ್ಷಿಣ ಆಫ್ರಿಕಕ್ಕೆ ಹೋಗಿಬಂದ ನಂತರ ಅವರ ಆಸಕ್ತಿ ಮೋಟಾರು ಕಾರಿನ ಕಡೆಗೆ ತಿರುಗಿತು.

ಕಾರು ನಿರ್ಮಾಣದ ಆರಂಭ

ರಾಯ್ಸ್ ಅವರು ಕೊಂಡದ್ದು ಫ್ರಾನ್ಸಿನಲ್ಲಿ ತಯಾರಾದ, ಎರಡು ಸಿಲಿಂಡರುಗಳ, ಬಳಸಿದ ಡೆಕೋವಿಲ್ ಕಾರು. ಆ ಕಾಲದ ಕಾರುಗಳಲ್ಲಿ ಅದು ಕೆಟ್ಟದ್ದೇನೂ ಆಗಿರಲಿಲ್ಲ. ಆದರೂ ಅದರ ಗದ್ದಲ, ನಡುಕ ಮತ್ತು ನೆಚ್ಚಲಾಗದ ವಿದ್ಯುತ್ ಕಿಡಿ ವ್ಯವಸ್ಥೆ ರಾಯ್ಸ್ ಅವರಿಗೆ ಸರಿತೋರಲಿಲ್ಲ. ಅವರು ಕಾರನ್ನು ಬಿಚ್ಚಿ ಭಾಗಭಾಗವಾಗಿ ಪರೀಕ್ಷಿಸಿದರು. ಯಾವ ಭಾಗ ಏಕೆ ಸದ್ದು ಮಾಡುತ್ತದೆ, ಏಕೆ ಸವೆಯುತ್ತದೆ ಎಂಬುದನ್ನು ಗುರುತಿಸಿ, ಅದೇ ಮೂಲ ಯೋಜನೆಯನ್ನು ಇಟ್ಟುಕೊಂಡು ಪ್ರತಿಯೊಂದು ಭಾಗವನ್ನೂ ತಿದ್ದಿ ರಚಿಸಲು ನಿರ್ಧರಿಸಿದರು. ಸಂಪೂರ್ಣ ಹೊಸದನ್ನು ಕಂಡುಹಿಡಿಯುವುದಕ್ಕಿಂತ ಇರುವುದನ್ನು ದೋಷರಹಿತವಾಗಿಸುವುದು ಅವರ ಕೆಲಸದ ಕ್ರಮವಾಗಿತ್ತು. ಈ ಕ್ರಮ ಕೊನೆಯವರೆಗೂ ಬದಲಾಗಲಿಲ್ಲ.

ಕುಕ್ ಸ್ಟ್ರೀಟ್ ಕಾರ್ಯಾಗಾರದಲ್ಲಿ 10 ಅಶ್ವಶಕ್ತಿಯ, ಎರಡು ಸಿಲಿಂಡರುಗಳ ಮೂರು ಕಾರುಗಳು ತಯಾರಾದವು. ಮೊದಲನೆಯದು 1904ರ ಏಪ್ರಿಲ್ 1ರಂದು ರಸ್ತೆಗಿಳಿಯಿತು. ಅವುಗಳಲ್ಲೊಂದನ್ನು ಪಡೆದಿದ್ದ ಹೆನ್ರಿ ಎಡ್ಮಂಡ್ಸ್ ಅವರು ಲಂಡನ್ನಿನಲ್ಲಿ ಕಾರುಗಳ ಮಾರಾಟ ನಡೆಸುತ್ತಿದ್ದ ಚಾರ್ಲ್ಸ್ ರೋಲ್ಸ್ ಅವರಿಗೆ ರಾಯ್ಸ್ ಅವರನ್ನು ಪರಿಚಯಿಸಿದರು. 1904ರ ಮೇ 4ರಂದು ಮ್ಯಾಂಚೆಸ್ಟರ್‌ನ ಮಿಡ್‌ಲ್ಯಾಂಡ್ ಹೋಟೆಲಿನಲ್ಲಿ ಇಬ್ಬರೂ ಭೇಟಿಯಾದರು. ಶ್ರೀಮಂತ ಕುಲೀನ ಮನೆತನದಲ್ಲಿ ಹುಟ್ಟಿ ಕೇಂಬ್ರಿಜ್‌ನಲ್ಲಿ ಓದಿದ ರೋಲ್ಸ್, ಗಿರಣಿಯವನ ಮಗನಾದ ರಾಯ್ಸ್ ಕಟ್ಟಿದ ಕಾರಿನ ನಯವಾದ ಓಟಕ್ಕೆ ಮಾರುಹೋದರು. ಅದೇ ವರ್ಷದ ಡಿಸೆಂಬರ್ 23ರ ಒಪ್ಪಂದದ ಪ್ರಕಾರ ರಾಯ್ಸ್ ತಯಾರಿಸುವ ಕಾರುಗಳನ್ನೆಲ್ಲ ರೋಲ್ಸ್ ಅವರ ಸಂಸ್ಥೆ ಮಾರುವುದೆಂದೂ, ಅವುಗಳಿಗೆ ರೋಲ್ಸ್-ರಾಯ್ಸ್ ಎಂಬ ಹೆಸರಿಡುವುದೆಂದೂ ತೀರ್ಮಾನವಾಯಿತು. 1906ರ ಮಾರ್ಚ್‌ನಲ್ಲಿ ರೋಲ್ಸ್-ರಾಯ್ಸ್ ಲಿಮಿಟೆಡ್ ನೋಂದಣಿಯಾಯಿತು. ರಾಯ್ಸ್ ಅದರ ಮುಖ್ಯ ಎಂಜಿನಿಯರ್ ಆದರು.

ಆರು ಸಿಲಿಂಡರಿನ ಎಂಜಿನ್ ಮತ್ತು ಕ್ರ್ಯಾಂಕ್‌ಶಾಫ್ಟ್ ಸಮಸ್ಯೆ

ಒಪ್ಪಂದದಂತೆ 10, 15, 20 ಮತ್ತು 30 ಅಶ್ವಶಕ್ತಿಯ ಕಾರುಗಳನ್ನು ತಯಾರಿಸಬೇಕಾಗಿತ್ತು. ಇವುಗಳಲ್ಲಿ 30 ಅಶ್ವಶಕ್ತಿಯ ಕಾರಿಗೆ ಆರು ಸಿಲಿಂಡರುಗಳಿದ್ದವು. ಎರಡೆರಡು ಸಿಲಿಂಡರುಗಳ ಮೂರು ಜೋಡಿಗಳನ್ನು ಸಾಲಾಗಿ ನಿಲ್ಲಿಸಿದ್ದರಿಂದ ಕ್ರ್ಯಾಂಕ್‌ಶಾಫ್ಟ್ ಉದ್ದವಾಗಿ, ತೆಳುವಾಗಿತ್ತು. ಆರು ಸಿಲಿಂಡರಿನ ಎಂಜಿನ್ ಸಹಜವಾಗಿಯೇ ಸಮತೋಲ ಹೊಂದಿ ನಯವಾಗಿ ಓಡಬೇಕು. ಆದರೆ ಈ ಎಂಜಿನ್ ಒಂದು ನಿರ್ದಿಷ್ಟ ವೇಗಕ್ಕೆ ಬಂದಾಗ ಬಲವಾಗಿ ನಡುಗುತ್ತಿತ್ತು. ಕೆಲವು ಕಾರುಗಳಲ್ಲಿ ಕ್ರ್ಯಾಂಕ್‌ಶಾಫ್ಟ್ ಮುರಿದೇ ಹೋಯಿತು. ಸಂಸ್ಥೆ ಇನ್ನೂ ಎಳೆಯದಾಗಿದ್ದಾಗ, ದುಬಾರಿ ಕಾರಿನ ಮುಖ್ಯ ಅಂಗವೇ ಹೀಗೆ ಮುರಿಯುವುದು ಅದರ ಅಳಿವು ಉಳಿವಿನ ಪ್ರಶ್ನೆಯಾಗಿತ್ತು.

ಇದೇ ತೊಂದರೆ ಆ ಕಾಲದ ಇತರ ತಯಾರಕರ ಆರು ಸಿಲಿಂಡರಿನ ಎಂಜಿನ್‌ಗಳನ್ನೂ ಕಾಡುತ್ತಿತ್ತು. ಕೇಳುವವರಿಗೆ ಇದು ಬೇರಿಂಗ್ ಸಡಿಲವಾದಾಗ ಬರುವ ಬಡಿತದಂತೆ ತೋರಬಹುದು. ಬೇರಿಂಗ್‌ಗಳನ್ನು ಎಷ್ಟು ಬಿಗಿಯಾಗಿ ಹೊಂದಿಸಿದರೂ ಅದು ನಿಲ್ಲುವುದಿಲ್ಲ, ಏಕೆಂದರೆ ದೋಷವಿರುವುದು ಶಾಫ್ಟ್‌ನ ತಿರುಚುವಿಕೆಯಲ್ಲಿ. ಪ್ರತಿ ಸಿಲಿಂಡರಿನಲ್ಲಿ ಇಂಧನ ಉರಿದಾಗ ಕ್ರ್ಯಾಂಕ್‌ಶಾಫ್ಟ್‌ಗೆ ಒಂದು ತಿರುಚುಬಲ ಬೀಳುತ್ತದೆ. ಹಿಂದುಗಡೆ ಭಾರವಾದ ಗಾಲಿ ಹಿಡಿದಿರುವುದರಿಂದ ಶಾಫ್ಟ್‌ನ ಮುಂದಿನ ತುದಿ ಕಣ್ಣಿಗೆ ಕಾಣದಷ್ಟು ತಿರುಚಿಕೊಂಡು ಮತ್ತೆ ಬಿಚ್ಚಿಕೊಳ್ಳುತ್ತದೆ. ಈ ಸಿಡಿತಗಳ ಲಯವೂ ಶಾಫ್ಟ್‌ನ ಸಹಜ ಕಂಪನದ ಲಯವೂ ಒಂದು ವೇಗದಲ್ಲಿ ತಾಳೆಯಾದಾಗ, ಜೋಕಾಲಿಯನ್ನು ಸರಿಯಾದ ಹೊತ್ತಿಗೆ ತಳ್ಳಿದಂತೆ, ತಿರುಚುವಿಕೆ ಹೆಚ್ಚುತ್ತ ಹೋಗುತ್ತದೆ. ಲೋಹ ದಣಿದು ಬಿರುಕುಬಿಡುತ್ತದೆ.

ಈ ಸಮಸ್ಯೆಗೆ ರಾಯ್ಸ್ ಕಂಡುಕೊಂಡ ಪರಿಹಾರ 1906ರ ಕೊನೆಯಲ್ಲಿ ಲಂಡನ್ನಿನ ಒಲಿಂಪಿಯಾ ಮೋಟಾರು ಪ್ರದರ್ಶನದಲ್ಲಿ ಕಾಣಿಸಿಕೊಂಡ 40/50 ಅಶ್ವಶಕ್ತಿಯ ಕಾರಿನಲ್ಲಿದೆ. ಅದರ ಎಂಜಿನ್ನಿನಲ್ಲಿ ಸಿಲಿಂಡರುಗಳನ್ನು ಮೂರು ಮೂರರ ಎರಡು ಗುಂಪುಗಳಾಗಿ ಜೋಡಿಸಲಾಯಿತು. ಸಿಲಿಂಡರಿನ ವ್ಯಾಸ ಮತ್ತು ಪಿಸ್ಟನ್ನಿನ ಚಲನೆ ಎರಡೂ ನಾಲ್ಕೂವರೆ ಇಂಚು. ಎಂಜಿನ್ನಿನ ಗಾತ್ರ 7,036 ಘನ ಸೆಂಟಿಮೀಟರ್. ಕ್ರ್ಯಾಂಕ್‌ಶಾಫ್ಟನ್ನು ದಪ್ಪವಾಗಿಯೂ ಗಡುಸಾಗಿಯೂ ಮಾಡಿ ಏಳು ಮುಖ್ಯ ಬೇರಿಂಗ್‌ಗಳ ಮೇಲೆ ಕೂರಿಸಲಾಯಿತು. ಒಳಗೆ ಟೊಳ್ಳು ಕೊರೆದ ಈ ಶಾಫ್ಟ್‌ನ ಮೂಲಕ ಪಂಪಿನ ಒತ್ತಡದಿಂದ ಎಣ್ಣೆ ಪ್ರತಿ ಬೇರಿಂಗ್‌ಗೂ ತಲುಪುತ್ತಿತ್ತು. ಎಣ್ಣೆಯನ್ನು ಹನಿಹನಿಯಾಗಿ ತೊಟ್ಟಿಕ್ಕಿಸುವುದು ಅಥವಾ ತಳದಲ್ಲಿ ಚಿಮ್ಮಿಸುವುದು ರೂಢಿಯಲ್ಲಿದ್ದ ಕಾಲದಲ್ಲಿ ಇದು ದೊಡ್ಡ ಮುನ್ನಡೆ.

ಇದರ ಜೊತೆಗೆ ರಾಯ್ಸ್ ಅವರು ಕ್ರ್ಯಾಂಕ್‌ಶಾಫ್ಟ್‌ನ ಮುಂದಿನ ತುದಿಗೆ, ಘರ್ಷಣೆಯಿಂದ ಹಿಡಿದಿಟ್ಟ ಸಣ್ಣ ಜಾರುಗಾಲಿಯೊಂದನ್ನು ಅಳವಡಿಸುವ ಉಪಾಯವನ್ನೂ ಬೆಳೆಸಿದರು. ಶಾಫ್ಟ್ ಸಮವೇಗದಲ್ಲಿ ಸುತ್ತುವಾಗ ಈ ಗಾಲಿಯೂ ಅದರೊಡನೆ ಸುತ್ತುತ್ತದೆ. ಶಾಫ್ಟ್ ತಿರುಚಿ ಕಂಪಿಸತೊಡಗಿದರೆ ಗಾಲಿ ತನ್ನ ಜಡತ್ವದಿಂದಾಗಿ ಅದರ ಜೊತೆ ಅಲುಗದೆ ತುಸು ಜಾರುತ್ತದೆ. ಕಂಪನದ ಶಕ್ತಿ ಈ ಘರ್ಷಣೆಯಲ್ಲಿ ಶಾಖವಾಗಿ ಕರಗಿಹೋಗುತ್ತದೆ. ಇನ್ನೊಬ್ಬ ಇಂಗ್ಲಿಷ್ ಎಂಜಿನಿಯರ್ ಫ್ರೆಡರಿಕ್ ಲ್ಯಾಂಚೆಸ್ಟರ್ ಅವರೂ ಸುಮಾರು ಇದೇ ಕಾಲದಲ್ಲಿ ಕಂಪನ ಶಾಮಕವನ್ನು ರೂಪಿಸಿದ್ದರು. ಮೊದಲಿಗರು ಯಾರೆಂಬುದರ ಬಗ್ಗೆ ವಿವಾದವಿತ್ತು. ಇಂದಿನ ಬಹುತೇಕ ಕಾರು ಎಂಜಿನ್‌ಗಳ ಮುಂದಿನ ತುದಿಯಲ್ಲಿ ಈ ಸಾಧನದ ಒಂದಲ್ಲ ಒಂದು ರೂಪವಿದೆ.

ಸಿಲ್ವರ್ ಘೋಸ್ಟ್

1907ರಲ್ಲಿ ಕ್ಲಾಡ್ ಜಾನ್ಸನ್ ಅವರು 40/50 ಮಾದರಿಯ ಒಂದು ಕಾರಿಗೆ ಬೆಳ್ಳಿ ಬಣ್ಣ ಬಳಿಸಿ, ಸಿಲ್ವರ್ ಘೋಸ್ಟ್ ಎಂದು ಹೆಸರಿಟ್ಟರು. ಅದು ಬೆಳ್ಳಿ ಬಣ್ಣದ ಭೂತದಂತೆ ಸದ್ದಿಲ್ಲದೆ ಬರುತ್ತದೆಂಬುದು ಹೆಸರಿನ ಇಂಗಿತ. ಕ್ರಮೇಣ ಇಡೀ ಮಾದರಿಗೇ ಈ ಹೆಸರು ನಿಂತಿತು. ರಾಯಲ್ ಆಟೊಮೊಬೈಲ್ ಕ್ಲಬ್ಬಿನ ಮೇಲ್ವಿಚಾರಣೆಯಲ್ಲಿ ಈ ಕಾರನ್ನು ಲಂಡನ್ ಮತ್ತು ಗ್ಲಾಸ್ಗೊ ನಡುವೆ ಮತ್ತೆ ಮತ್ತೆ ಓಡಿಸಿ ಒಟ್ಟು 15,000 ಮೈಲಿಗಳ (ಸುಮಾರು 24,000 ಕಿಲೋಮೀಟರ್) ಪರೀಕ್ಷೆಗೆ ಒಳಪಡಿಸಲಾಯಿತು. ಆರಂಭದಲ್ಲಿ ಪೆಟ್ರೋಲ್ ನಲ್ಲಿಯೊಂದು ಅಲುಗಾಟದಿಂದ ಮುಚ್ಚಿಕೊಂಡು ಒಮ್ಮೆ ನಿಂತದ್ದನ್ನು ಬಿಟ್ಟರೆ, ಅನಂತರದ 14,371 ಮೈಲಿಗಳನ್ನು ಯಾಂತ್ರಿಕ ದೋಷದಿಂದ ಒಮ್ಮೆಯೂ ನಿಲ್ಲದೆ ಕ್ರಮಿಸಿತು.

ಪರೀಕ್ಷೆಯ ನಂತರ ಕಾರನ್ನು ಪೂರ್ಣವಾಗಿ ಬಿಚ್ಚಿ, ಭಾಗಗಳನ್ನು ಅಳೆದು ನೋಡಲಾಯಿತು. ಅದನ್ನು ಮರಳಿ ಹೊಸದರಂತೆ ಮಾಡಲು ಬೇಕಾದ ಬಿಡಿಭಾಗಗಳ ವೆಚ್ಚ 2 ಪೌಂಡ್ 2 ಶಿಲಿಂಗ್ 7 ಪೆನ್ಸ್ ಮಾತ್ರವೆಂದು ದಾಖಲಾಯಿತು. ಎಂಜಿನ್ನಿನ ಬೇರಿಂಗ್‌ಗಳಲ್ಲಿ ಅಳತೆಗೆ ಸಿಗುವಷ್ಟು ಸವೆತವಿರಲಿಲ್ಲ. ನಿಶ್ಶಬ್ದತೆ ಬರಿಯ ಐಷಾರಾಮವಲ್ಲ, ಬಾಳಿಕೆಯ ಗುರುತು ಎಂಬ ರಾಯ್ಸ್ ಅವರ ನಿಲುವಿಗೆ ಈ ಪರೀಕ್ಷೆ ಸಾರ್ವಜನಿಕ ಸಾಕ್ಷ್ಯವಾಯಿತು. ಈ ಮಾದರಿಯ ತಯಾರಿಕೆ 1920ರ ದಶಕದ ನಡುಭಾಗದವರೆಗೂ ನಡೆಯಿತು. ಇಂಗ್ಲೆಂಡ್ ಮತ್ತು ಅಮೆರಿಕದ ಕಾರ್ಖಾನೆಗಳಲ್ಲಿ ಒಟ್ಟು 7,800ಕ್ಕೂ ಹೆಚ್ಚು ಕಾರುಗಳು ತಯಾರಾದವು. ಮೈಸೂರು ಸೇರಿದಂತೆ ಭಾರತದ ಅನೇಕ ಸಂಸ್ಥಾನಗಳ ಅರಸರೂ ರೋಲ್ಸ್-ರಾಯ್ಸ್ ಕಾರುಗಳನ್ನು ತರಿಸಿಕೊಂಡಿದ್ದರು.

ಬೇಡಿಕೆ ಹೆಚ್ಚಿದಂತೆ 1908ರಲ್ಲಿ ಸಂಸ್ಥೆ ಡಾರ್ಬಿ ನಗರದ ಹೊಸ ಕಾರ್ಖಾನೆಗೆ ಸ್ಥಳಾಂತರಗೊಂಡಿತು. 1910ರ ಜುಲೈ 12ರಂದು ಬೋರ್ನ್‌ಮತ್‌ನಲ್ಲಿ ನಡೆದ ವಿಮಾನ ಅಪಘಾತದಲ್ಲಿ ಚಾರ್ಲ್ಸ್ ರೋಲ್ಸ್ ಮರಣ ಹೊಂದಿದರು. ಆಗ ಅವರ ವಯಸ್ಸು 32.

ಹಳೆಯ ಎಂಜಿನ್‌ಗಳಲ್ಲಿ ಬೇರಿಂಗ್ ಸದ್ದಿನ ಪತ್ತೆ

ರಾಯ್ಸ್ ಅವರ ಕಾಲದ ಎಂಜಿನ್‌ಗಳ ಬೇರಿಂಗ್‌ಗಳಲ್ಲಿ ಬಿಳಿಲೋಹವನ್ನು ಬಳಸುತ್ತಿದ್ದರು. ತವರವನ್ನು ಮುಖ್ಯವಾಗಿಟ್ಟುಕೊಂಡು, ಆಂಟಿಮನಿ ಮತ್ತು ತಾಮ್ರ ಬೆರೆಸಿ ಮಾಡುವ ಈ ಮೆದು ಮಿಶ್ರಲೋಹವನ್ನು ಕಂಚಿನ ಅಥವಾ ಉಕ್ಕಿನ ಚಿಪ್ಪಿನೊಳಗೆ ಎರಕ ಹೊಯ್ದು, ಶಾಫ್ಟ್‌ನ ಅಳತೆಗೆ ಕೊರೆದು ಹೊಂದಿಸುತ್ತಿದ್ದರು. ಅಂತಹ ಕಾರುಗಳನ್ನು ಇಂದಿಗೂ ಬಿಚ್ಚಿ ಪುನರ್ನಿರ್ಮಿಸುವವರಿದ್ದಾರೆ. ಪುನರ್ನಿರ್ಮಿಸಿದ ಎಂಜಿನ್ ಮೊದಲ ಬಾರಿಗೆ ಓಡಿದಾಗ ಕೇಳುವ ಬಡಿತದ ಮೂಲವನ್ನು ಗುರುತಿಸುವುದು ಅವರ ಕೆಲಸದ ಕಠಿಣ ಭಾಗ. ತಪ್ಪಾಗಿ ಗುರುತಿಸಿದರೆ ಸರಿಯಿರುವ ಎಂಜಿನ್ನನ್ನು ಮತ್ತೆ ಬಿಚ್ಚಬೇಕಾಗುತ್ತದೆ. ಕಡೆಗಣಿಸಿದರೆ ಬಿಳಿಲೋಹ ಕರಗಿ, ಇಂದು ದೊರಕದ ಶಾಫ್ಟ್ ಹಾಳಾಗುತ್ತದೆ.

ಸದ್ದಿನ ಸ್ವರೂಪ ಮತ್ತು ಅದು ಕೇಳಿಬರುವ ಸಂದರ್ಭ ಇವೆರಡೂ ಪತ್ತೆಗೆ ನೆರವಾಗುತ್ತವೆ.

ಮುಖ್ಯ ಬೇರಿಂಗ್: ಸಡಿಲವಾಗಿದ್ದರೆ ಎಂಜಿನ್ನಿನ ತಳದಿಂದ ಭಾರವಾದ, ಮಂದವಾದ ಗುದ್ದಿನಂತಹ ಸದ್ದು ಬರುತ್ತದೆ. ಎಂಜಿನ್ನಿನ ಮೇಲೆ ಹೊರೆ ಬಿದ್ದಾಗ, ಏರು ಹತ್ತುವಾಗ ಅದು ಹೆಚ್ಚುತ್ತದೆ. ಎಣ್ಣೆಯ ಒತ್ತಡ ಸಾಮಾನ್ಯವಾಗಿ ಕುಸಿದಿರುತ್ತದೆ.

ಕನೆಕ್ಟಿಂಗ್ ರಾಡಿನ ದೊಡ್ಡ ತುದಿಯ ಬೇರಿಂಗ್: ಇದರ ಬಡಿತ ಇನ್ನಷ್ಟು ಹಗುರ ಮತ್ತು ಚುರುಕು. ವೇಗವನ್ನು ಏರಿಸಿ ಥಟ್ಟನೆ ಇಳಿಸಿದಾಗ ಸ್ಪಷ್ಟವಾಗುತ್ತದೆ. ಒಂದೊಂದಾಗಿ ಸಿಲಿಂಡರುಗಳ ಕಿಡಿಯನ್ನು ತಡೆದು ನೋಡಿದರೆ, ದೋಷವಿರುವ ಸಿಲಿಂಡರಿನ ಸರದಿ ಬಂದಾಗ ಬಡಿತ ತಗ್ಗುತ್ತದೆ.

ಪಿಸ್ಟನ್ ಪಿನ್: ನಿಧಾನವಾಗಿ ಓಡುವಾಗ ಜೋಡಿ ಟಕಟಕ ಸದ್ದು ಕೇಳಿಸುತ್ತದೆ.

ಪಿಸ್ಟನ್: ತಣ್ಣಗಿರುವಾಗ ಮಾತ್ರ ಬಡಿದು, ಎಂಜಿನ್ ಬಿಸಿಯಾದಂತೆ ಕಡಿಮೆಯಾಗುವ ಸದ್ದು ಸಾಮಾನ್ಯವಾಗಿ ಪಿಸ್ಟನ್ ಮತ್ತು ಸಿಲಿಂಡರ್ ನಡುವಿನ ಅಂತರದ್ದು, ಬೇರಿಂಗಿನದ್ದಲ್ಲ. ಬೇರಿಂಗಿನ ಬಡಿತ ಇದಕ್ಕೆ ವಿರುದ್ಧವಾಗಿ, ಎಣ್ಣೆ ಬಿಸಿಯಾಗಿ ತೆಳುವಾದಂತೆ ಹೆಚ್ಚುತ್ತದೆ.

ಶಾಫ್ಟ್‌ನ ಹಿಂದುಮುಂದಿನ ಆಟ: ಕ್ಲಚ್ ಒತ್ತಿದೊಡನೆ ಸದ್ದು ಬದಲಾದರೆ ಅಥವಾ ನಿಂತರೆ, ಶಾಫ್ಟ್ ಉದ್ದಕ್ಕೆ ಸರಿಯದಂತೆ ತಡೆಯುವ ಬೇರಿಂಗ್ ಸವೆದಿರುವ ಸಂಭವವಿದೆ.

ತಿರುಚು ಕಂಪನ: ಒಂದು ವೇಗದಲ್ಲಿ ಮಾತ್ರ ಹುಟ್ಟಿ, ಅದರ ಕೆಳಗೂ ಮೇಲೂ ಇಲ್ಲವಾಗುವ ಸದ್ದು ಶಾಫ್ಟ್‌ನ ಕಂಪನದ್ದು. ಜಾರುಗಾಲಿಯ ಘರ್ಷಣೆಯ ಮೇಲ್ಮೈಗಳು ಒಣಗಿದ ಎಣ್ಣೆಯಿಂದ ಅಂಟಿಕೊಂಡಿದ್ದರೆ ಅಥವಾ ಅದನ್ನು ಅತಿಯಾಗಿ ಬಿಗಿದಿದ್ದರೆ ಗಾಲಿ ಜಾರದೆ, ರಾಯ್ಸ್ ಅವರು ಹಿಂದೆ ಎದುರಿಸಿದ ಸಮಸ್ಯೆಯೇ ಮರುಕಳಿಸುತ್ತದೆ.

ಉದ್ದನೆಯ ಲೋಹದ ಕಡ್ಡಿ ಅಥವಾ ಸ್ಟೆತೊಸ್ಕೋಪನ್ನು ಎಂಜಿನ್ನಿನ ಬೇರೆಬೇರೆ ಜಾಗಗಳಿಗೆ ತಾಗಿಸಿ ಆಲಿಸುವುದು, ಎಣ್ಣೆಯ ಒತ್ತಡವನ್ನು ಬಿಸಿಯಲ್ಲಿಯೂ ತಣ್ಣಗಿರುವಾಗಲೂ ಗಮನಿಸುವುದು, ಎಣ್ಣೆಯನ್ನು ಇಳಿಸಿ ಅದರಲ್ಲಿ ಬೆಳ್ಳಿಯಂತೆ ಮಿನುಗುವ ಕಣಗಳಿವೆಯೇ ಎಂದು ನೋಡುವುದು, ಇವಿಷ್ಟೂ ಎಂಜಿನ್ ಬಿಚ್ಚುವ ಮುನ್ನ ಮಾಡಬಹುದಾದ ಪರೀಕ್ಷೆಗಳು. ಕಣಗಳು ಕಂಡರೆ, ಅಥವಾ ಬಡಿತದೊಂದಿಗೆ ಒತ್ತಡವೂ ಇಳಿದರೆ, ಎಂಜಿನ್ನನ್ನು ಮತ್ತೆ ಓಡಿಸಬಾರದು.

ಪುನರ್ನಿರ್ಮಾಣದಲ್ಲಿಯೇ ಉಳಿದುಹೋಗುವ ದೋಷಗಳೂ ಇವೆ. ಟೊಳ್ಳು ಶಾಫ್ಟ್‌ನೊಳಗೆ ದಶಕಗಳ ಕಾಲ ಸೇರಿದ ಕೆಸರನ್ನು ಮುಚ್ಚಳ ತೆಗೆದು ಸ್ವಚ್ಛಗೊಳಿಸದಿದ್ದರೆ ದೊಡ್ಡ ತುದಿಯ ಬೇರಿಂಗ್‌ಗಳಿಗೆ ಎಣ್ಣೆ ಸಾಲದೆ ಹೋಗುತ್ತದೆ. ಸವೆದು ಅಂಡಾಕಾರವಾದ ಶಾಫ್ಟ್‌ಗೆ ಹೊಸ ಬೇರಿಂಗ್ ಹಾಕಿದರೆ ಅಂತರ ಸುತ್ತಲೂ ಸಮನಾಗಿರುವುದಿಲ್ಲ. ಮುಖ್ಯ ಬೇರಿಂಗ್‌ಗಳು ಒಂದೇ ಸರಳರೇಖೆಯಲ್ಲಿ ಕೊರೆಯಲ್ಪಡದಿದ್ದರೆ ಶಾಫ್ಟ್ ಬಾಗುತ್ತ ಸುತ್ತುತ್ತದೆ. ಬಿಳಿಲೋಹದ ಬೇರಿಂಗ್‌ಗೆ, ಶಾಫ್ಟ್‌ನ ವ್ಯಾಸದ ಪ್ರತಿ ಇಂಚಿಗೆ ಇಂಚಿನ ಸಾವಿರದಲ್ಲೊಂದು ಭಾಗದಷ್ಟು ಅಂತರ ಬಿಡುವುದು ಹಳೆಯ ಕಾರ್ಯಾಗಾರಗಳ ಸ್ಥೂಲ ನಿಯಮ. ಅಂತರ ಹೆಚ್ಚಾದರೆ ಬಡಿತ, ಕಡಿಮೆಯಾದರೆ ಎಣ್ಣೆಯ ಪೊರೆ ನಿಲ್ಲದೆ ಬೇರಿಂಗ್ ಹಿಡಿದುಕೊಳ್ಳುತ್ತದೆ.

ಅನಾರೋಗ್ಯ ಮತ್ತು ದೂರದಿಂದ ಕೆಲಸ

1911ರಲ್ಲಿ ರಾಯ್ಸ್ ಮತ್ತೆ ತೀವ್ರ ಅಸ್ವಸ್ಥರಾದರು. 1912ರಲ್ಲಿ ಲಂಡನ್ನಿನಲ್ಲಿ ದೊಡ್ಡ ಶಸ್ತ್ರಚಿಕಿತ್ಸೆ ನಡೆಯಿತು. ಅವರು ಬದುಕುವುದು ಕೆಲವೇ ತಿಂಗಳು ಎಂದು ವೈದ್ಯರು ಅಭಿಪ್ರಾಯಪಟ್ಟರು. ಅದೇ ವರ್ಷ ದಂಪತಿ ಬೇರೆಯಾದರು. ದಾದಿ ಎಥೆಲ್ ಆಬಿನ್ ಅವರ ಆರೈಕೆಯಲ್ಲಿ ರಾಯ್ಸ್ ಇನ್ನೂ 21 ವರ್ಷ ಬಾಳಿದರು. ಡಾರ್ಬಿಯ ಕಾರ್ಖಾನೆಯಲ್ಲಿದ್ದರೆ ಅವರು ವಿಶ್ರಾಂತಿ ಪಡೆಯಲಾರರೆಂದು ತಿಳಿದಿದ್ದ ಜಾನ್ಸನ್, ಅವರನ್ನು ಅಲ್ಲಿಂದ ದೂರವಿರಿಸಿದರು. ದಕ್ಷಿಣ ಫ್ರಾನ್ಸಿನ ಲ ಕನಡೆಲ್, ಇಂಗ್ಲೆಂಡಿನ ಸೇಂಟ್ ಮಾರ್ಗರೆಟ್ಸ್ ಬೇ ಮತ್ತು 1917ರಿಂದ ವೆಸ್ಟ್ ವಿಟ್ಟರಿಂಗ್ ಅವರ ನೆಲೆಗಳಾದವು.

ಕೆಲವು ವಿನ್ಯಾಸಕಾರರು ಮತ್ತು ನಕ್ಷೆಗಾರರು ಅವರ ಬಳಿ ಇದ್ದು ಕೆಲಸ ಮಾಡುತ್ತಿದ್ದರು. ನಕ್ಷೆಗಳೂ ವಿವರವಾದ ಪತ್ರಗಳೂ ಡಾರ್ಬಿಗೆ ಹೋಗುತ್ತಿದ್ದವು, ಪ್ರಯೋಗದ ವರದಿಗಳೂ ಪರೀಕ್ಷಾ ಕಾರುಗಳೂ ಅಲ್ಲಿಂದ ಬರುತ್ತಿದ್ದವು. ತಾವು ಕಟ್ಟಿದ ಸಂಸ್ಥೆಯ ಕಾರ್ಖಾನೆಯ ನೆಲದ ಮೇಲೆ ಓಡಾಡಲಾಗದೆ ಹೋದದ್ದು ಕೈಕೆಲಸವನ್ನೇ ನೆಚ್ಚಿದ್ದ ಎಂಜಿನಿಯರನಿಗೆ ದೊಡ್ಡ ನಷ್ಟ. ಆದರೆ ಪ್ರತಿ ನಿರ್ಧಾರವೂ ಕಾರಣಸಮೇತ ಬರಹದಲ್ಲಿ ದಾಖಲಾಗುವ ಪದ್ಧತಿ ಇದರಿಂದ ಬೆಳೆಯಿತು.

ವಿಮಾನ ಎಂಜಿನ್‌ಗಳು

1914ರಲ್ಲಿ ಮಹಾಯುದ್ಧ ಆರಂಭವಾದ ಮೇಲೆ ರಾಯ್ಸ್ ವಿಮಾನ ಎಂಜಿನ್ ವಿನ್ಯಾಸಕ್ಕೆ ಕೈಹಾಕಿದರು. ಹನ್ನೆರಡು ಸಿಲಿಂಡರುಗಳ ಈಗಲ್ ಎಂಜಿನ್ 1915ರಲ್ಲಿ ಸಿದ್ಧವಾಯಿತು. ಹಾಕ್, ಫಾಲ್ಕನ್ ಮತ್ತು ಕಾಂಡಾರ್ ಎಂಜಿನ್‌ಗಳು ಅದನ್ನು ಹಿಂಬಾಲಿಸಿದವು. 1919ರ ಜೂನ್‌ನಲ್ಲಿ ಜಾನ್ ಆಲ್ಕಾಕ್ ಮತ್ತು ಆರ್ಥರ್ ಬ್ರೌನ್ ಅಟ್ಲಾಂಟಿಕ್ ಸಾಗರವನ್ನು ಎಲ್ಲಿಯೂ ಇಳಿಯದೆ ದಾಟಿದ ಮೊದಲ ವಿಮಾನಯಾನಕ್ಕೆ ಬಳಸಿದ ವಿಕರ್ಸ್ ವಿಮಿ ವಿಮಾನದಲ್ಲಿ ಎರಡು ಈಗಲ್ ಎಂಜಿನ್‌ಗಳಿದ್ದವು.

1920ರ ದಶಕದ ಕೊನೆಯಲ್ಲಿ ಷ್ನೈಡರ್ ಟ್ರೋಫಿ ಸಮುದ್ರವಿಮಾನ ಸ್ಪರ್ಧೆಗಾಗಿ ರೂಪುಗೊಂಡ ಆರ್ ಎಂಜಿನ್ ರಾಯ್ಸ್ ಅವರ ವಿಧಾನದ ಅತ್ಯಂತ ಕಠಿಣ ಪರೀಕ್ಷೆ. ಎಂಜಿನ್ನನ್ನು ಪೂರ್ಣ ಶಕ್ತಿಯಲ್ಲಿ ಮುರಿಯುವವರೆಗೆ ಓಡಿಸುವುದು, ಮುರಿದ ಭಾಗವನ್ನು ಪರೀಕ್ಷಿಸಿ ಬಲಪಡಿಸುವುದು, ಮತ್ತೆ ಓಡಿಸುವುದು – ಹೀಗೆ ಒಂದೊಂದೇ ದುರ್ಬಲ ಅಂಗವನ್ನು ಹುಡುಕಿ ತೆಗೆಯಲಾಯಿತು. 1929ರಲ್ಲಿ ಸುಮಾರು 1,900 ಅಶ್ವಶಕ್ತಿ ನೀಡುತ್ತಿದ್ದ ಎಂಜಿನ್ 1931ರಲ್ಲಿ ಸುಮಾರು 2,350 ಅಶ್ವಶಕ್ತಿಗೆ ಏರಿತು. ಆ ವರ್ಷ ಬ್ರಿಟನ್ ಟ್ರೋಫಿಯನ್ನು ಶಾಶ್ವತವಾಗಿ ತನ್ನದಾಗಿಸಿಕೊಂಡಿತು. ಅದೇ ತಿಂಗಳಲ್ಲಿ ಈ ಎಂಜಿನ್ ಹೊಂದಿದ ಸೂಪರ್‌ಮರೀನ್ ವಿಮಾನ ಗಂಟೆಗೆ 407.5 ಮೈಲಿ ವೇಗದ ವಿಶ್ವದಾಖಲೆ ಸ್ಥಾಪಿಸಿತು.

ಗೌರವಗಳು ಮತ್ತು ಮರಣ

ಯುದ್ಧಕಾಲದ ಸೇವೆಗಾಗಿ 1918ರಲ್ಲಿ ರಾಯ್ಸ್ ಅವರಿಗೆ ಒಬಿಇ ಪದವಿ ದೊರೆಯಿತು. ಬ್ರಿಟಿಷ್ ವಿಮಾನಯಾನಕ್ಕೆ ಸಲ್ಲಿಸಿದ ಸೇವೆಗಾಗಿ 1930ರಲ್ಲಿ ಬ್ಯಾರೊನೆಟ್ ಗೌರವ ಸಂದಿತು. 1933ರ ಏಪ್ರಿಲ್ 22ರಂದು ವೆಸ್ಟ್ ವಿಟ್ಟರಿಂಗ್‌ನ ಮನೆಯಲ್ಲಿ ಅವರು ನಿಧನರಾದರು. ಆಗ ಅವರ ವಯಸ್ಸು 70. ಮೊದಲು ಡಾರ್ಬಿಯಲ್ಲಿರಿಸಿದ್ದ ಅವರ ಚಿತಾಭಸ್ಮವನ್ನು 1937ರಲ್ಲಿ ಹುಟ್ಟೂರಾದ ಆಲ್ವಾಲ್ಟನ್ನಿನ ಚರ್ಚಿಗೆ ತರಲಾಯಿತು. ಮಕ್ಕಳಿಲ್ಲದ ಕಾರಣ ಬ್ಯಾರೊನೆಟ್ ಪದವಿ ಅವರೊಂದಿಗೇ ಕೊನೆಗೊಂಡಿತು.

ರೋಲ್ಸ್-ರಾಯ್ಸ್ ಲಾಂಛನದ ಅಕ್ಷರಗಳು ಕೆಂಪಿನಿಂದ ಕಪ್ಪಿಗೆ ಬದಲಾದದ್ದು ರಾಯ್ಸ್ ಅವರ ಮರಣದ ಶೋಕಸೂಚಕವಾಗಿ ಎಂಬ ನಂಬಿಕೆ ವ್ಯಾಪಕವಾಗಿದೆ. ಆದರೆ ಈ ಬದಲಾವಣೆ ಅವರು ಬದುಕಿದ್ದಾಗಲೇ ತೀರ್ಮಾನವಾಗಿತ್ತು. ಕಾರಿನ ಬೇರೆಬೇರೆ ಬಣ್ಣಗಳಿಗೆ ಕಪ್ಪು ಹೆಚ್ಚು ಹೊಂದುತ್ತದೆ ಎಂಬುದು ಅದರ ಕಾರಣ.

ಪರಂಪರೆ

ರಾಯ್ಸ್ ಅವರ ಕೊನೆಯ ವರ್ಷಗಳಲ್ಲಿ ಸರ್ಕಾರದ ಹಣವಿಲ್ಲದೆ, ಸಂಸ್ಥೆಯ ಸ್ವಂತ ವೆಚ್ಚದಲ್ಲಿ ಆರಂಭವಾದ ಪಿವಿ-12 ಎಂಬ ಎಂಜಿನ್ 1933ರ ಅಕ್ಟೋಬರಿನಲ್ಲಿ, ಅವರು ತೀರಿಕೊಂಡ ಆರು ತಿಂಗಳಿಗೆ, ಮೊದಲ ಬಾರಿಗೆ ಓಡಿತು. ಮರ್ಲಿನ್ ಎಂದು ಹೆಸರಾದ ಈ ಎಂಜಿನ್ ಎರಡನೆಯ ಮಹಾಯುದ್ಧದಲ್ಲಿ ಸ್ಪಿಟ್‌ಫೈರ್, ಹರಿಕೇನ್ ಮತ್ತು ಲ್ಯಾಂಕಾಸ್ಟರ್ ವಿಮಾನಗಳಿಗೆ ಶಕ್ತಿ ಒದಗಿಸಿತು. ಭಾರತೀಯ ವಾಯುಪಡೆಯೂ ಈ ಎಂಜಿನ್ ಹೊಂದಿದ ಹರಿಕೇನ್ ವಿಮಾನಗಳನ್ನು ಆ ಯುದ್ಧದಲ್ಲಿ ಬಳಸಿತು. ರಾಯ್ಸ್ ಸ್ಥಾಪಿಸಿದ ವಿಮಾನ ಎಂಜಿನ್ ಪರಂಪರೆಯ ಮುಂದುವರಿಕೆಯಾಗಿ, ಜಾಗ್ವಾರ್ ಯುದ್ಧವಿಮಾನದ ಅಡೋರ್ ಜೆಟ್ ಎಂಜಿನ್ನನ್ನು ಬೆಂಗಳೂರಿನ ಹಿಂದುಸ್ತಾನ್ ಏರೊನಾಟಿಕ್ಸ್ ಸಂಸ್ಥೆ ಪರವಾನಗಿಯಡಿ ತಯಾರಿಸಿದೆ.

ರಾಯ್ಸ್ ಅವರ ಹೆಸರಿನಲ್ಲಿ ಹೊಚ್ಚಹೊಸ ಆವಿಷ್ಕಾರಗಳು ಹೆಚ್ಚಿಲ್ಲ. ಬೇರಿಂಗ್, ಎಣ್ಣೆಯ ಪಂಪು, ಬಹು ಸಿಲಿಂಡರಿನ ಎಂಜಿನ್ ಇವೆಲ್ಲ ಅವರಿಗಿಂತ ಮೊದಲೇ ಇದ್ದವು. ಕೆಟ್ಟ ಭಾಗವನ್ನು ಬದಲಿಸಿ ಸುಮ್ಮನಾಗದೆ, ಅದು ಕೆಟ್ಟದ್ದೇಕೆ ಎಂದು ತಿಳಿದು ಮುಂದಿನ ಎಂಜಿನ್ನಿನಲ್ಲಿ ಆ ಕಾರಣವನ್ನೇ ಇಲ್ಲವಾಗಿಸುವ ಕ್ರಮವನ್ನು ಅವರು ಕಾರ್ಖಾನೆಯ ನಿತ್ಯದ ಶಿಸ್ತಾಗಿ ರೂಢಿಗೆ ತಂದರು. 1907ರ ಪರೀಕ್ಷೆಯಲ್ಲಿ ಓಡಿದ ಬೆಳ್ಳಿ ಬಣ್ಣದ ಸಿಲ್ವರ್ ಘೋಸ್ಟ್ ಕಾರು ಇಂದಿಗೂ ಉಳಿದಿದೆ.